ಮೂಲೆಯಲ್ಲಿರೋ ಹೆಸರು

ಮೊನ್ನೆ ಸೋಮವಾರ ಬೆಳಿಗ್ಗೆ ನಮ್ಮ ಪಿರಿಯಾಪಟ್ಟಣದ ಬಸ್ ಸ್ಟ್ಯಾಂಡ್ ಹತ್ತಿರ ಒಂದು ಹಸು ನಿಂತುಕೊಂಡು ಕನ್ನಡದ ಹೀರೋ ಒಬ್ಬರ ಎಡಗಿವಿಯನ್ನು ಆರಾಮಾಗಿ ತಿನ್ನುತ್ತಿತ್ತು. ಗಾಬರಿ ಬೀಳಬೇಡಿ, ಹೀರೋ ಇದ್ದದ್ದು ಗೋಡೆ ಮೇಲೆ! ಪೋಸ್ಟರಿಗೆ ಬಳಿದ ಮೈದಾ ಅಂಟಿನ ರುಚಿ ಹಸುವಿಗೆ ಚೆನ್ನಾಗಿ ಗೊತ್ತು. ಅದು ಕಿವಿ ಮುಗಿಸಿ ಹೀರೋಯಿನ್ ಕಡೆ ತಿರುಗೋ ಹೊತ್ತಿಗೆ ಮೈಸೂರು ಬಸ್ ಬಂತು, ನಾನು ಹತ್ತಿದೆ. ಆದರೆ ಹುಣಸೂರು ದಾಟಿದರೂ ತಲೆಯಲ್ಲಿ ಒಂದೇ ಪ್ರಶ್ನೆ. ಹೀರೋ ಯಾರು ಅಂತ ಗೊತ್ತು. ನಿರ್ಮಾಪಕರ ಹೆಸರು ದಪ್ಪಕ್ಷರದಲ್ಲಿದೆ. ಆ ಪೋಸ್ಟರ್ ಮಾಡಿದವನು ಯಾರು?

ಉತ್ತರ ಹುಡುಕೋಕೆ ಈ ವಾರ ನಿಮ್ಮನ್ನು ಪ್ಯಾರಿಸ್ ಪಟ್ಟಣಕ್ಕೆ ಕರೆದುಕೊಂಡು ಹೋಗುತ್ತೇನೆ. ಟಿಕೆಟ್ ಖರ್ಚು ಈ ಪತ್ರಿಕೆಯ ಬೆಲೆಯಷ್ಟೇ!

ಅಲ್ಲಿ ಜೂಲ್ ಶೆರೆ ಅಂತ ಒಬ್ಬ ಇದ್ದ. ಹುಟ್ಟಿದ್ದು 1836ರಲ್ಲಿ. ಅಪ್ಪ ಪ್ರೆಸ್ಸಿನಲ್ಲಿ ಅಕ್ಷರ ಜೋಡಿಸುವ ಬಡವ. ಹುಡುಗ 13ನೇ ವಯಸ್ಸಿಗೇ ಕಲ್ಲಚ್ಚಿನ ಪ್ರೆಸ್ಸಿಗೆ ಕೆಲಸ ಕಲಿಯೋಕೆ ಸೇರಿದ. ಪಿಯುಸಿ ಬಿಟ್ಟ ನನಗೆ ಇಂಥವರನ್ನು ಕಂಡರೆ ಮೊದಲಿಂದಲೂ ಸ್ವಲ್ಪ ಪ್ರೀತಿ ಜಾಸ್ತಿ.

ಕಲ್ಲಚ್ಚು ಅಂದರೇನು? ನುಣುಪಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಕಡ್ಡಿಯಲ್ಲಿ ಚಿತ್ರ ಬರೆಯಬೇಕು. ಆಮೇಲೆ ಕಲ್ಲಿಗೆ ನೀರು ಸವರಿ, ಮಸಿ ಹಚ್ಚಬೇಕು. ಎಣ್ಣೆಗೂ ನೀರಿಗೂ ಆಗಿಬರೋಲ್ಲ ಅಲ್ಲವೇ? ಮಸಿ ಜಿಡ್ಡಿದ್ದ ಕಡೆ ಮಾತ್ರ ಹಿಡಿಯುತ್ತೆ. ಕಾಗದ ಒತ್ತಿದರೆ ಚಿತ್ರ ರೆಡಿ. ಬಣ್ಣಕ್ಕೊಂದು ಕಲ್ಲು. ಶೆರೆ ಲಂಡನ್ನಿನಲ್ಲಿ ಪಳಗಿ ಬಂದು 1866ರಲ್ಲಿ ಪ್ಯಾರಿಸ್ಸಿನಲ್ಲಿ ಸ್ವಂತ ಪ್ರೆಸ್ ಹಾಕಿದ. ಮೂರು ನಾಲ್ಕು ಕಲ್ಲುಗಳಲ್ಲೇ ಕಾಮನಬಿಲ್ಲನ್ನು ಗೋಡೆಗೆ ಇಳಿಸಿಬಿಟ್ಟ! ನಾಟಕ, ಕುಣಿತದ ಮನೆ, ಸೀಮೆಎಣ್ಣೆ, ಸೋಪು, ಎಲ್ಲದಕ್ಕೂ ನಗುನಗುವ ಹುಡುಗಿಯರ ಚಿತ್ರ. ಸಾವಿರಕ್ಕೂ ಹೆಚ್ಚು ಪೋಸ್ಟರ್ ಮಾಡಿದ. 1890ರಲ್ಲಿ ಫ್ರಾನ್ಸ್ ಸರಕಾರ ಅವನಿಗೆ ತನ್ನ ದೊಡ್ಡ ಗೌರವ ಪದಕವನ್ನೇ ಕೊಟ್ಟಿತು. ಯಾವುದಕ್ಕೆ? ಗೋಡೆಗೆ ಅಂಟಿಸೋ ಕಾಗದಕ್ಕೆ!

ಅಂದ ಹಾಗೆ, ಇದಕ್ಕೆ ದಾರಿ ಮಾಡಿದ್ದರಲ್ಲಿ ಒಂದು ಕಾನೂನಿನ ಪಾಲೂ ಇದೆ. 1881ರ ಜುಲೈ 29ರಂದು ಫ್ರಾನ್ಸಿನಲ್ಲಿ ಪತ್ರಿಕೆಗಳಿಗೆ ಸ್ವಾತಂತ್ರ್ಯ ಕೊಟ್ಟ ಕಾನೂನೇ ಗೋಡೆ ಪೋಸ್ಟರಿಗೂ ಬಿಡುಗಡೆ ಕೊಟ್ಟಿತು. ಸರಿಯಾಗಿ ನೂರು ವರ್ಷದ ಮೇಲೆ, 1981ರಲ್ಲಿ, ನಮ್ಮ ಕರ್ನಾಟಕದಲ್ಲಿ ಬಯಲು ಸ್ಥಳಗಳ ಅಂದ ಕೆಡಿಸಬಾರದು ಅಂತ ಕಾನೂನು ಬಂತು. ಅವರದು ಬಿಚ್ಚಿದ ಕಾನೂನು, ನಮ್ಮದು ಕಟ್ಟಿದ ಕಾನೂನು! ಹಸುವಿಗೆ ಮಾತ್ರ ಎರಡೂ ಒಂದೇ.

ಶೆರೆ ಹಿಂದೆಯೇ ಬಂದವನು ತುಲೂಸ್ ಲೊತ್ರೆಕ್. ದೊಡ್ಡ ಜಹಗೀರುದಾರರ ಮನೆಯ ಮಗ, ಕಾಲು ಬೆಳೆಯದ ಕುಳ್ಳ. 1891ರಲ್ಲಿ ಮೂಲ್ಯಾಂ ರೂಜ್ ಕುಣಿತದ ಮನೆಗೆ ಒಂದು ಪೋಸ್ಟರ್ ಬರೆದು ರಾತ್ರೋರಾತ್ರಿ ಹೆಸರಾದ. ಬರೆದದ್ದು ಸುಮಾರು 30 ಪೋಸ್ಟರ್, ಬದುಕಿದ್ದು 36 ವರ್ಷ. ಆದರೆ ತನ್ನ ಹೆಸರಿನ ಮೂರು ಅಕ್ಷರಗಳನ್ನು ಒಂದು ಪುಟ್ಟ ವೃತ್ತದೊಳಗೆ ಹೆಣೆದು ಮೂಲೆಯಲ್ಲಿ ಹಾಕುತ್ತಿದ್ದ. ಈ ಮೂಲೆ ವಿಷಯ ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತೆ.

ಮೂರನೆಯವನ ಕಥೆ ನಮ್ಮ ಸಿನಿಮಾ ಕಥೆಯಂತೆಯೇ ಇದೆ. ಸಾರಾ ಬರ್ನ್‌ಹಾರ್ಟ್ ಆ ಕಾಲದ ಮಹಾನಟಿ. 1894ರ ಡಿಸೆಂಬರ್ ಕೊನೆಗೆ ಆಕೆಯ 'ಜಿಸ್ಮೊಂಡಾ' ನಾಟಕಕ್ಕೆ ತುರ್ತಾಗಿ ಪೋಸ್ಟರ್ ಬೇಕಾಯಿತಂತೆ. ಕ್ರಿಸ್‌ಮಸ್ ರಜಾ, ಪ್ರೆಸ್ಸಿನಲ್ಲಿ ಕಲಾವಿದರು ಯಾರೂ ಇಲ್ಲ. ಪರದೇಶದಿಂದ ಬಂದಿದ್ದ ಆಲ್ಫೋನ್ಸ್ ಮೂಖಾ ಎಂಬ ಬಡ ಚಿತ್ರಗಾರ ಒಬ್ಬನೇ ಕೂತಿದ್ದ. 'ನೀನೇ ಮಾಡಪ್ಪ' ಅಂದರಂತೆ. 1895ರ ಹೊಸ ವರ್ಷದ ದಿನ ಪ್ಯಾರಿಸ್ ಗೋಡೆಗಳ ಮೇಲೆ ಸುಮಾರು 7 ಅಡಿ ಎತ್ತರದ ಸಾರಾ ನಿಂತಿದ್ದಳು. ನಮ್ಮ ಥಿಯೇಟರ್ ಮುಂದಿನ ಕಟೌಟಿಗೆ ಇವಳೇ ಅಜ್ಜಿ ಅಂತ ನನ್ನ ವಾದ! ಆಗ ನಟಿಗೆ ಐವತ್ತು ವಯಸ್ಸು, ಪೋಸ್ಟರಿನಲ್ಲಿ ಇಪ್ಪತ್ತೈದು. (ಈ ಪದ್ಧತಿ ಇಂದಿಗೂ ನಿಂತಿಲ್ಲ.) ಜನ ರಾತ್ರಿ ಹೊತ್ತು ಬ್ಲೇಡು ಹಿಡಿದು ಬಂದು ಪೋಸ್ಟರ್ ಕಿತ್ತುಕೊಂಡು ಹೋಗುತ್ತಿದ್ದರಂತೆ. ಸಾರಾ ಮೂಖಾನಿಗೆ 6 ವರ್ಷದ ಕರಾರು ಬರೆದುಕೊಟ್ಟಳು. ಅದೇ 1895ರಿಂದ 1900ರವರೆಗೆ ಪ್ಯಾರಿಸ್ಸಿನ ಒಂದು ಪ್ರೆಸ್, ಒಳ್ಳೆಯ ಪೋಸ್ಟರುಗಳನ್ನೆಲ್ಲ ಚಿಕ್ಕದು ಮಾಡಿ ತಿಂಗಳು ತಿಂಗಳೂ ಚಂದಾದಾರರಿಗೆ ಕಳಿಸಿತು. ಒಟ್ಟು 256 ಚಿತ್ರ. ಒಂದು ವಾರದ ಆಯುಷ್ಯದ ಕಾಗದವನ್ನು ಹಾಗೆ ಕಾಪಾಡಿದರು.

ಅದೇ ಊರಿನಲ್ಲಿ 1895ರ ಡಿಸೆಂಬರ್ 28ಕ್ಕೆ ಲ್ಯೂಮಿಯೇರ್ ಸೋದರರು ದುಡ್ಡು ತಗೊಂಡು ಚಲನಚಿತ್ರ ತೋರಿಸಿದರು. ಮರುವರ್ಷ ಜುಲೈ 7ಕ್ಕೆ ಅದು ಬೊಂಬಾಯಿಗೂ ಬಂತು. ಕಲ್ಲಚ್ಚು ಅಷ್ಟರಲ್ಲಾಗಲೇ ನಮ್ಮಲ್ಲಿತ್ತು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯಾರ ಚಿತ್ರ ನೋಡಿ ನೀವು ಬಾಯಿ ಬಿಡುತ್ತೀರೋ, ಆ ರಾಜಾ ರವಿವರ್ಮರು 1894ರಲ್ಲೇ ಬೊಂಬಾಯಿಯಲ್ಲಿ ಪ್ರೆಸ್ ಶುರು ಮಾಡಿದ್ದರು. ಮುಂದೆ ಅದೇ ಪ್ರೆಸ್ಸಿನಲ್ಲಿ ದುಡಿದ ಒಬ್ಬರು 1913ರಲ್ಲಿ 'ರಾಜಾ ಹರಿಶ್ಚಂದ್ರ' ತೆಗೆದರು. ಹೌದು, ದಾದಾಸಾಹೇಬ್ ಫಾಲ್ಕೆ! ಕೊಲ್ಹಾಪುರದಲ್ಲಿ ನಾಟಕದ ಪರದೆ ಬರೆಯುತ್ತಿದ್ದ ಬಾಬೂರಾವ್ ಪೇಂಟರ್ ಚಿತ್ರ ನಿರ್ದೇಶಕರಾದರು, ತಮ್ಮ ಚಿತ್ರಗಳಿಗೆ ತಾವೇ ಪೋಸ್ಟರ್ ಬರೆದರು. 1924ರ 'ಕಲ್ಯಾಣ್ ಖಜಿನಾ' ಪೋಸ್ಟರ್ ಇಂದಿಗೂ ಉಳಿದಿದೆ. ನಮ್ಮ ಮೊದಲ ಟಾಕಿ, 1934ರ 'ಸತಿ ಸುಲೋಚನಾ' ಚಿತ್ರೀಕರಣ ಆದದ್ದೂ ಅದೇ ಕೊಲ್ಹಾಪುರದಲ್ಲಿ. ಹೀಗೆ ಕುಂಚ ಮತ್ತು ಕ್ಯಾಮರಾ ಒಂದೇ ಮನೆಯ ಅಣ್ಣತಮ್ಮ.

ಸರಿ, ಪ್ಯಾರಿಸ್ ಆಯ್ತು, ಬೊಂಬಾಯಿ ಆಯ್ತು. ಈಗ ನಮ್ಮ ಮನೆಗೆ ಬನ್ನಿ.

ನನ್ನ ಸೋದರಮಾವ ನಮ್ಮ ಕಡೆ ಸಿನಿಮಾ ಪೋಸ್ಟರ್ ಅಂಟಿಸುತ್ತಿದ್ದವನು. ಸೈಕಲ್ಲಿನ ಹಿಂದೆ ಪೋಸ್ಟರ್ ಸುರುಳಿ, ಹ್ಯಾಂಡಲಿಗೆ ಅಂಟಿನ ಬಕೀಟು, ಒಂದು ಪೊರಕೆ ಕುಂಚ. ಅಂಟಿಗೆ ಚೂರು ಮೈಲುತುತ್ತ ಹಾಕುತ್ತಿದ್ದ, ಹುಳ ಹಿಡಿಯಬಾರದು ಅಂತ. ಬೆಟ್ಟದಪುರ ಜಾತ್ರೆ ಬಂದರೆ ರಾತ್ರಿಯೆಲ್ಲ ಅಂಟಿಸುವನು. ಚಿಕ್ಕವನಿದ್ದಾಗ ನಾನೂ ಜೊತೆಗೆ ಹೋಗುತ್ತಿದ್ದೆ. ಒಂದು ಸಲ ಅವಸರದಲ್ಲಿ ಪೋಸ್ಟರಿನ ಕೆಳಮೂಲೆಯ ಮೇಲೆ ಇನ್ನೊಂದು ಹಾಳೆ ಏರಿಸಿಬಿಟ್ಟೆ. ಮಾವ ಕೈ ಹಿಡಿದ.

"ಆ ಮೂಲೆ ಮುಚ್ಚಬ್ಯಾಡ ಕಲಾ. ಹೀರೋಗೆ ಹೆಸರೈತೆ. ಅಂಟ್ಸೋನ್ಗೆ ಬಕೀಟಾದ್ರೂ ಐತೆ. ಬರ್ದೋನ್ಗೆ ಇರೋದು ಆ ಮೂಲೆ ಒಂದೇಯ."

ನೋಡಿದರೆ ಅಲ್ಲಿ ಇರುವೆ ಸಾಲಿನ ಹಾಗೆ ಸಣ್ಣಕ್ಷರದಲ್ಲಿ ಒಂದು ಹೆಸರಿತ್ತು. ಮಾವ ಓದಿದ್ದು ಮೂರನೇ ಕ್ಲಾಸು.

ಮಿಕ್ಕ ಪೋಸ್ಟರುಗಳನ್ನು ಅವನು ಅಟ್ಟದ ಮೇಲೆ ಸುತ್ತಿ ಇಡುತ್ತಿದ್ದ. 'ಬಂಗಾರದ ಮನುಷ್ಯ', 'ನಾಗರಹಾವು', 'ಗಂಧದ ಗುಡಿ'... ಮತ್ತೆ ಮತ್ತೆ ಬಂದ ಚಿತ್ರಗಳು, ಮತ್ತೆ ಮತ್ತೆ ಬಂದ ಪೋಸ್ಟರುಗಳು. ಕೆಲವಕ್ಕೆ ಕೈಯಲ್ಲಿ ಬರೆದ ಮುಖಗಳು, ಹಳದಿ ಕೆನ್ನೆ, ನೀಲಿ ನೆರಳು. ಫ್ಲೆಕ್ಸ್ ಬಂದ ಮೇಲೆ ಬಕೀಟೂ ಅಟ್ಟ ಸೇರಿತು.

2014ರಲ್ಲಿ ನನ್ನ ಪಿಯುಸಿ ಸಪ್ಲಿಮೆಂಟರಿ ಪರೀಕ್ಷೆ. ಫೀಸಿಗೆ ಸ್ವಲ್ಪ ಕಡಿಮೆ ಬಿದ್ದಿತ್ತು. ಆ ವರ್ಷ ಮನೆಯ ಹೊಗೆಸೊಪ್ಪಿಗೆ ಒಳ್ಳೆ ರೇಟು ಸಿಕ್ಕಿರಲಿಲ್ಲ, ಅಪ್ಪನ ಕೇಳೋಕೆ ಮುಖ ಇಲ್ಲ. ಮಾವ ಊರಲ್ಲಿಲ್ಲದ ದಿನ ಅಟ್ಟ ಹತ್ತಿದೆ. ಗುಜರಿಯವನು ತೂಗಿದ. 14 ಕೇಜಿ, ಕೇಜಿಗೆ 8 ರೂಪಾಯಿ. ನೂರಾ ಹನ್ನೆರಡು ರೂಪಾಯಿ ಎಣಿಸಿಕೊಂಡು ಬಂದೆ. ಪರೀಕ್ಷೆಯೂ ಹೋಯ್ತು, ಪೋಸ್ಟರೂ ಹೋಯ್ತು. ಒಂದೇ ಒಂದು ಮೂಲೆಯನ್ನೂ ಓದಿ ನೋಡಲಿಲ್ಲ.

ಪ್ಯಾರಿಸ್ಸಿನವರು ಬ್ಲೇಡು ಹಿಡಿದು ಕದ್ದದ್ದು ಇಟ್ಟುಕೊಳ್ಳೋಕೆ. ನಾನು ಕದ್ದದ್ದು ತೂಕಕ್ಕೆ ಹಾಕೋಕೆ. ಶೆರೆ, ಲೊತ್ರೆಕ್, ಮೂಖಾ ಹೆಸರು ಇವತ್ತು ನನಗೂ ನಿಮಗೂ ಗೊತ್ತಿರೋದು ಯಾರೋ ಕಾಗದ ಎತ್ತಿಟ್ಟಿದ್ದಕ್ಕೆ. ನಮ್ಮ ಗೋಡೆಗಳ ಮೇಲೆ ಬಣ್ಣ ಚೆಲ್ಲಿದವರ ಹೆಸರು ಕೇಳಿದರೆ ನಾನು ಎಲ್ಲಿಂದ ತಂದು ಕೊಡಲಿ?

ಓದುಗ ಮಿತ್ರರೇ, ನಿಮ್ಮ ಮನೆ ಅಟ್ಟದಲ್ಲಿ, ಪೆಟ್ಟಿಗೆಯ ತಳದಲ್ಲಿ, ಹಳೇ ಪುಸ್ತಕದ ರಟ್ಟಿಗೆ ಹೊದಿಸಿದ್ದರಲ್ಲಿ ಒಂದು ಪೋಸ್ಟರ್ ಸಿಕ್ಕರೆ ಹೀರೋ ಮುಖ ಆಮೇಲೆ ನೋಡಿ. ಮೊದಲು ಕೆಳಗಿನ ಮೂಲೆ ನೋಡಿ. ಹೆಸರಿದ್ದರೆ ಬರೆದಿಟ್ಟುಕೊಳ್ಳಿ. ಪತ್ರಿಕೆಗೆ ಒಂದು ಕಾರ್ಡು ಹಾಕಿದರೆ ಇದೇ ಅಂಕಣದಲ್ಲಿ ದಪ್ಪಕ್ಷರದಲ್ಲಿ ಹಾಕಿಸುತ್ತೇನೆ.

ಕೊನೆಗೊಂದು ಮಾತು, ಇದು ನಿಮಗಲ್ಲ. ನಮ್ಮ ಮಾವ ಪ್ರತಿ ವಾರ ಬಸ್ ಸ್ಟ್ಯಾಂಡ್ ಅಂಗಡಿಯಲ್ಲಿ ಈ ಪತ್ರಿಕೆ ಕೊಂಡು, ಯಾರ ಕೈಲಾದರೂ ನನ್ನ ಅಂಕಣ ಓದಿಸಿಕೊಳ್ಳುತ್ತಾನೆ. ಹೋದ ವಾರ, "ಅಟ್ಟದ ಮ್ಯಾಗಿನ ಸುರುಳಿ ಇಳಿಸ್ಕೊಡ್ಲಾ, ಮೊಮ್ಮಗೀಗೆ ತೋರಿಸ್ಬೇಕು" ಅಂದ. ನಾನು ಮಾತು ತೇಲಿಸಿ ಎದ್ದು ಬಂದೆ.

ಮಾವ, ಅಟ್ಟದಲ್ಲಿ ಹುಡುಕಬ್ಯಾಡ. ಅಲ್ಲಿಲ್ಲ. ಭಾನುವಾರ ಮನೆಗೆ ಬತ್ತೀನಿ, ಬೈಯೋದು ಆವತ್ತೇ ಬೈಯ್ಯಿ.