ಅಂಟೂ ಅಲ್ಲ, ಆಳೂ ಅಲ್ಲ

ಕಳೆದ ತಿಂಗಳು ಆರೋಗ್ಯದ ಕಿರುಪುಸ್ತಕವೊಂದನ್ನು ಅನುವಾದಿಸಿ ಕಳಿಸಿದೆ. ಮೆದುಳಿನ ಅಧ್ಯಾಯದಲ್ಲಿ ‘ಗ್ಲಿಯಾ’ ಎಂದೇ ಬರೆದಿದ್ದೆ. ತಿದ್ದಿ ಬಂದ ಪ್ರತಿಯಲ್ಲಿ ಅದು ‘ಅಂಟುಕೋಶ’ ಆಗಿತ್ತು. ಪಕ್ಕದಲ್ಲಿ ‘ಕನ್ನಡದ ಪದವೇ ಇರಲಿ’ ಎಂಬ ಟಿಪ್ಪಣಿ. ವಾದ ಮಾಡಿದೆ, ಸೋತೆ. ಆ ವಾದವನ್ನು ಇಲ್ಲಿ ಮುಂದುವರಿಸುತ್ತೇನೆ.

ನರಕೋಶಗಳ ನಡುವೆ ತುಂಬಿಕೊಂಡಿರುವುದಕ್ಕೆ 1856ರಲ್ಲಿ ‘ನ್ಯೂರೋಗ್ಲಿಯಾ’ ಎಂದು ಹೆಸರಿಟ್ಟವರು ಜರ್ಮನಿಯ ರುಡಾಲ್ಫ್ ವಿರ್ಶೋ. ಗ್ರೀಕಿನಲ್ಲಿ ಗ್ಲಿಯಾ ಎಂದರೆ ಅಂಟು. ಇಟ್ಟಿಗೆಗಳ ನಡುವಿನ ಗಾರೆಯಂತೆ ಇದೂ ನರಗಳನ್ನು ಹಿಡಿದಿಡುತ್ತದೆ ಎಂಬುದು ಊಹೆ. ಊಹೆ ಹಳತಾಯಿತು, ಹೆಸರು ಉಳಿಯಿತು. ಇಂದು ‘ಗ್ಲಿಯಾ’ ಎಂದು ಓದುವವರಿಗೆ ಒಳಗಿನ ಅಂಟು ಕೇಳಿಸುವುದಿಲ್ಲ. ‘ಅಂಟುಕೋಶ’ ಎಂದರೆ ಗೋಂದಿನ ಬಾಟಲಿಯೇ ಕಣ್ಣೆದುರು ಬರುತ್ತದೆ. ಸತ್ತ ರೂಪಕವನ್ನು ಕನ್ನಡದಲ್ಲಿ ಮತ್ತೆ ಬದುಕಿಸುವುದು ಭಾಷಾಪ್ರೇಮವಲ್ಲ, ತಪ್ಪನ್ನು ಆಮದು ಮಾಡಿಕೊಳ್ಳುವುದು.

ಈ ಕೋಶಗಳು ಮಾಡುವ ಕೆಲಸ ನೋಡಿ. ನಮ್ಮ ತೂಕದಲ್ಲಿ ಮೆದುಳಿನ ಪಾಲು ಸುಮಾರು ಶೇ. 2, ಸುಮ್ಮನೆ ಕೂತಿದ್ದಾಗಲೂ ಅದು ಬಳಸುವ ಶಕ್ತಿ ಸುಮಾರು ಶೇ. 20. ಸಂಕೇತ ಕಳಿಸಿದಾಗ ನರಕೋಶದೊಳಕ್ಕೆ ನುಗ್ಗಿದ ಸೋಡಿಯಂ ಅನ್ನು ಮತ್ತೆ ಹೊರಹಾಕುವುದಕ್ಕೇ ಬಹಳಷ್ಟು ಖರ್ಚಾಗುತ್ತದೆ. ಗ್ಲಿಯಾದ ಒಂದು ಬಗೆಯಾದ ಆಸ್ಟ್ರೋಸೈಟ್ ಒಂದು ಕಡೆ ರಕ್ತನಾಳವನ್ನು, ಇನ್ನೊಂದು ಕಡೆ ನರಸಂಧಿಯನ್ನು ಮುಟ್ಟಿಕೊಂಡಿರುತ್ತದೆ. ಮೆದುಳಿನ ಗ್ಲೈಕೋಜನ್ ದಾಸ್ತಾನು ಹೆಚ್ಚಾಗಿ ಇರುವುದೂ ಅದರಲ್ಲೇ. 1994ರಲ್ಲಿ ಲೂಕ್ ಪೆಲ್ಲೆರಾನ್ ಮತ್ತು ಪಿಯೆರ್ ಮ್ಯಾಜಿಸ್ಟ್ರೆಟಿ ಒಂದು ಸಿದ್ಧಾಂತ ಮುಂದಿಟ್ಟರು: ನರಸಂಧಿಯಲ್ಲಿ ಚೆಲ್ಲಿದ ಗ್ಲುಟಮೇಟ್ ಹೀರಿಕೊಂಡ ಆಸ್ಟ್ರೋಸೈಟ್ ಗ್ಲೂಕೋಸನ್ನು ಒಡೆದು ಲ್ಯಾಕ್ಟೇಟ್ ಮಾಡುತ್ತದೆ, ನರಕೋಶ ಅದನ್ನು ತನ್ನ ಮೈಟೋಕಾಂಡ್ರಿಯಗಳಲ್ಲಿ ಉರಿಸಿಕೊಳ್ಳುತ್ತದೆ.

ಹಾಗಾದರೆ ‘ಪೋಷಕಕೋಶ’ ಎನ್ನೋಣವೇ? ಅದೂ ಬೇಡ. ಅಂಟು ಹೋಗಿ ಆಳು ಬಂದಂತಾಯಿತು, ಅಷ್ಟೇ. 2017ರಲ್ಲಿ ಹಾರ್ವರ್ಡಿನ ಗ್ಯಾರಿ ಯೆಲ್ಲೆನ್ ತಂಡ ಇಲಿಯ ಮೆದುಳಿನಲ್ಲಿ ಕಂಡದ್ದು ಬೇರೆ: ಪ್ರಚೋದನೆ ಸಿಕ್ಕ ಕೂಡಲೇ ನರಕೋಶ ತಾನೇ ಗ್ಲೂಕೋಸ್ ಒಡೆಯುತ್ತದೆ, ಪಕ್ಕದವರ ಲ್ಯಾಕ್ಟೇಟಿಗೆ ಕಾಯುವುದಿಲ್ಲ. ಇನ್ನೊಂದೆಡೆ, 2011ರ ಪ್ರಯೋಗದಲ್ಲಿ ಇಲಿಗಳ ಹಿಪೊಕ್ಯಾಂಪಸ್‌ನಲ್ಲಿ ಗ್ಲೈಕೋಜನ್ ಒಡೆಯುವುದನ್ನು ತಡೆದಾಗ ದೀರ್ಘಕಾಲದ ನೆನಪು ನಿಲ್ಲಲಿಲ್ಲ. ಲ್ಯಾಕ್ಟೇಟ್ ಕೊಟ್ಟಾಗ ನಿಂತಿತು. ಯಾರು ಯಾರಿಗೆ ಯಾವಾಗ ಎಷ್ಟು ಕೊಡುತ್ತಾರೆ ಎಂಬ ವಾದ ಮುಗಿದಿಲ್ಲ. ವಿಜ್ಞಾನಿಗಳೇ ತೀರ್ಪು ಕೊಡದಿರುವಾಗ ಅನುವಾದಕರು ಒಂದು ಪದದಲ್ಲಿ ತೀರ್ಪು ಬರೆದುಬಿಡಬಾರದು.

ನಮ್ಮ ರಬಾಳೆಯಿಂದ ಲೋಕಲ್ ಹಿಡಿದು ಹೋಗಬಹುದಾದ ಕೊಲಾಬಾದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಇದೆ. ಅಲ್ಲಿನ ವಿದಿತಾ ವೈದ್ಯ ಮತ್ತು ಉಲ್ಲಾಸ್ ಕೊಲ್ತೂರ್ ಸೀತಾರಾಮ್ ಅವರ ತಂಡಗಳು 2019ರಲ್ಲಿ ತೋರಿಸಿದ್ದು ಇದು: ಸೆರೊಟೋನಿನ್ ಇಲಿಗಳ ನರಕೋಶಗಳಲ್ಲಿ ಮೈಟೋಕಾಂಡ್ರಿಯಗಳನ್ನು ಹೆಚ್ಚಿಸುತ್ತದೆ, ಎಟಿಪಿಯೂ ಹೆಚ್ಚುತ್ತದೆ. ಸಂದೇಶ ಒಯ್ಯುತ್ತದೆ ಎಂದು ನಾವು ಓದಿದ್ದ ರಾಸಾಯನಿಕ ಶಕ್ತಿಯ ಉತ್ಪಾದನೆಯನ್ನೂ ನಡೆಸುತ್ತಿದೆ. ಯೋಚಿಸುವುದು ಮೇಲಿನ ಕೆಲಸ, ಉಣಿಸುವುದು ಕೆಳಗಿನ ಕೆಲಸ ಎಂಬ ಗೆರೆ ಮೆದುಳಿನಲ್ಲಿ ಇಲ್ಲ.

ಆ ಗೆರೆ ಇರುವುದು ನಮ್ಮಲ್ಲಿ. ಇಲ್ಲಿನ ಎಂಐಡಿಸಿಯಲ್ಲಿ ಪರ್ಮನೆಂಟ್ ಆದವರು ‘ಸ್ಟಾಫ್’. ಕ್ಯಾಂಟೀನಿನವರು, ಬಾಯ್ಲರಿನವರು, ಗುಡಿಸುವವರು ‘ಸಪೋರ್ಟ್’. ಅವರು ಒಂದು ಪಾಳಿ ಬರದಿದ್ದರೆ ಕಾರ್ಖಾನೆ ನಿಲ್ಲುತ್ತದೆ, ಹೆಸರು ಮಾತ್ರ ಬದಲಾಗುವುದಿಲ್ಲ. ಇದೇ ಅಭ್ಯಾಸವನ್ನು ಮಕ್ಕಳ ಪಠ್ಯದೊಳಗೆ, ಕೋಶಗಳ ಮೇಲೆ ಹೇರುತ್ತಿದ್ದೇವೆ.

ಬಸ್ಸು, ಬ್ಯಾಂಕು, ವಿಟಮಿನ್ನುಗಳನ್ನು ಅರಗಿಸಿಕೊಂಡ ಕನ್ನಡಕ್ಕೆ ಗ್ಲಿಯಾ ಭಾರವಾಗದು. ಗೊತ್ತಿಲ್ಲದ ಪದ ಓದುಗರನ್ನು ‘ಇದೇನು?’ ಎಂದು ಕೇಳಿಸುತ್ತದೆ. ಗೊತ್ತಿರುವ ತಪ್ಪು ಪದ ಆ ಪ್ರಶ್ನೆಯನ್ನೇ ನುಂಗುತ್ತದೆ. ಕಿರುಪುಸ್ತಕ ಮರುಮುದ್ರಣಕ್ಕೆ ಬಂದರೆ ನಾನು ಮತ್ತೆ ‘ಗ್ಲಿಯಾ’ ಎಂದೇ ಬರೆದು ಕಳಿಸುತ್ತೇನೆ.