ಅತಿರಕ್ಷಣೆಯೆಂಬ ವಾದ ನಿಲ್ಲದು

ಅಮೆರಿಕದ ಫೆಡರಲ್ ನೌಕರರಿಗೆ ಜನಾಂಗ ತಾರತಮ್ಯದ ವಿರುದ್ಧ ಖಾಸಗಿ ನೌಕರರಿಗಿಂತ ಹೆಚ್ಚಿನ ರಕ್ಷಣೆಯಿದೆಯೆಂದು ಲೇಖನವೊಂದು ಮಂಡಿಸಿರುವ ವಾದವು ಕಾನೂನಿನ ಚರಿತ್ರೆಯನ್ನೂ ಅದರ ಕಾರ್ಯವಿಧಾನವನ್ನೂ ಕಡೆಗಣಿಸುತ್ತದೆ. 1964ರ ನಾಗರಿಕ ಹಕ್ಕುಗಳ ಕಾಯ್ದೆಯ ಏಳನೆಯ ಅಧ್ಯಾಯ, ಎಂದರೆ ಉದ್ಯೋಗದಲ್ಲಿ ತಾರತಮ್ಯವನ್ನು ನಿಷೇಧಿಸುವ ಭಾಗ, ಸರ್ಕಾರಿ ನೌಕರರಿಗೆ ಅನ್ವಯಿಸಿದ್ದು 1972ರ ತಿದ್ದುಪಡಿಯ ನಂತರವೇ. 1976ರ ಬ್ರೌನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಫೆಡರಲ್ ನೌಕರರಿಗೆ ಈ ಅಧ್ಯಾಯವೊಂದೇ ಪರಿಹಾರಮಾರ್ಗವೆಂದು ತೀರ್ಮಾನಿಸಿದ್ದರಿಂದ, 1866ರ ನಾಗರಿಕ ಹಕ್ಕುಗಳ ಕಾಯ್ದೆಯಿಂದ ಬಂದ, ಕರಾರುಗಳಲ್ಲಿ ಜನಾಂಗಸಮಾನತೆ ಕೋರುವ ದಾವೆ ಖಾಸಗಿ ನೌಕರರಿಗೆ ತೆರೆದಿದ್ದರೂ ಇವರಿಗೆ ಮುಚ್ಚಿಹೋಯಿತು. ಖಾಸಗಿ ನೌಕರರಿಗೆ ದೂರು ಸಲ್ಲಿಸಲು ಕನಿಷ್ಠ 180 ದಿನಗಳಿದ್ದರೆ, ಫೆಡರಲ್ ನೌಕರರು 45 ದಿನಗಳೊಳಗೆ ತಮ್ಮ ಇಲಾಖೆಯ ಸಮಾನಾವಕಾಶ ಸಲಹೆಗಾರರನ್ನು ಸಂಪರ್ಕಿಸಬೇಕು. ಆರೋಪ ಹೊತ್ತ ಇಲಾಖೆಗೇ ಮೊದಲ ತನಿಖೆಯ ಹೊಣೆ ಒಪ್ಪಿಸುವ ಈ ವ್ಯವಸ್ಥೆಯನ್ನು ಅತಿರಕ್ಷಣೆಯೆಂದು ಕರೆಯುವುದು, ನ್ಯಾಯಕ್ಕಾಗಿ ಕಾದಿರುವವರಿಗೆ ಬಗೆಯುವ ಮತ್ತೊಂದು ಅನ್ಯಾಯ.