ಹೊಸ್ತಿಲ ಇಲ್ಲದ ಖೋಲಿ

"ಸೌಕರ್ಯ ಐತ್ರಿ, ಬರ್ರಿ" ಅನ್ನೂ ಮಾತಿನ ಮ್ಯಾಲ ನನಗ ಈಗ ಒಂಚೂರೂ ನಂಬಿಗಿ ಉಳದಿಲ್ಲ. ಯಾವ ಲಾಡ್ಜಿಗೆ ಬೇಕಾದ್ರ ಫೋನ್ ಹಚ್ಚಿ ನೋಡ್ರಿ, ಗಾಲಿಕುರ್ಚಿ ಒಳಗ ಬರತೈತೇನು ಅಂತ ಕೇಳಿದ್ರ ಎಲ್ಲಾರೂ ಬರತೈತಿ ಅಂತಾರ. ಹೋದ ಮ್ಯಾಲ ಬಾಗಲದಾಗ ಮೂರು ಪಾವಟಿಗಿ. "ನಮ್ಮ ಹುಡುಗೂರು ಎತ್ತತಾರ್ರಿ ಅಕ್ಕಾರ" ಅಂತಾರ, ಅದ ಅವರ ಸೌಕರ್ಯ. ಇಡೀ ಜನ್ಮ ತನ್ನ ಕಾಲ ಮ್ಯಾಲ ನಿಂತು ದುಡದ 62 ವರ್ಷದ ಗಂಡಸನ್ನ ಅಕ್ಕಿ ಚೀಲ ಎತ್ತಿದಂಗ ಇಬ್ಬರು ಎತ್ತಿ ಒಳಗ ಇಡೂದು. ಎತ್ತೂ ಹುಡುಗೂರದು ತಪ್ಪಿಲ್ಲ, ಪಾಪ. ಆದ್ರ ಎತ್ತಿಸಿಕೊಳ್ಳಾವ್ರ ಮುಖ ನೋಡಿದವರಿಗೆ ಅಷ್ಟ ಗೊತ್ತು ಅದು ಏನಂತ.

ನಮ್ಮ ಮನಿಯವ್ರಿಗೆ ಲಕ್ವಾ ಹೊಡದು ನಾಕು ವರ್ಷ ಆತು. ಎಡಗೈ, ಎಡಗಾಲು ಹಿಡತಕ್ಕ ಬರೂದಿಲ್ಲ. ಬಲಗೈಲೆ ಗಟ್ಟಿಯಾಗಿ ಏನರ ಹಿಡಕೊಂಡ್ರ ಒಂದು ಕ್ಷಣ ನಿಂದರತಾರ, ತಿರುಗಿ ಕುಂದರತಾರ. ಅಂದ್ರ ಹಿಡಕೊಳ್ಳಾಕ ಒಂದು ಕಂಬಿ ಇದ್ರ ಅವರ ಅರ್ಧ ಕೆಲಸ ಅವರ ಮಾಡಿಕೊಳ್ತಾರ. ಕಂಬಿ ಇಲ್ಲಂದ್ರ ನಾನ ಕಂಬಿ. ಶಹಾಪುರದ ನಮ್ಮ ಮನಿ ಬಚ್ಚಲದ ಬಾಗಲ 24 ಇಂಚು, ಕುರ್ಚಿ ಅಗಲ 26. ಎರಡ ಇಂಚಿನ ಸಲುವಾಗಿ ನಾಕು ವರ್ಷ ಅವರಿಗೆ ನಾನ ಜಳಕಾ ಮಾಡಿಸೇನಿ.

ಪುಣೆದಾಗ ಇರೂ ನಮ್ಮ ಮಗಳು ಹ್ವಾದ ಚಳಿಗಾಲದಾಗ, "ಅವ್ವಾ, ಮುಂಬೈದಿಂದ ಗೋವಾಕ್ಕ ಹಡಗ ಹೊಕ್ಕೈತಿ, ಗಾಲಿಕುರ್ಚಿಯವರ ಸಲುವಾಗಿ ಬ್ಯಾರೆ ಕ್ಯಾಬಿನ್ ಇರ್ತಾವಂತ, ತಗೀಲಿ?" ಅಂದ್ಲು. ಇರ್ತಾವಂತ ಬ್ಯಾಡ, ಅಳತಿ ಕೇಳು ಅಂದೆ. ಬಾಗಲ ಎಷ್ಟ ಇಂಚು, ಹೊಸ್ತಿಲ ಎಷ್ಟ ಎತ್ತರ, ಸಂಡಾಸದ ಬಾಜು ಕಂಬಿ ಬಲಕ್ಕೋ ಎಡಕ್ಕೋ, ಮಂಚದ ಬಾಜು ಕುರ್ಚಿ ನಿಂದರಾಕ ಜಾಗಾ ಐತೋ ಇಲ್ಲೋ. ಆಕಿ ಎಲ್ಲಾ ಬರದು ಕಳಿಸಿದ್ಲು. ಎರಡ ದಿನಕ್ಕ ಉತ್ತರ ಬಂತು, ಇಂಚಿನ ಸಮೇತ, ಫೋಟೋ ಸಮೇತ. ಆವಾಗ ಹೂಂ ಅಂದೆ.

ಬೆಳಗಾವಿಂದ ಮುಂಬೈ ಸುಮಾರ 500 ಕಿಲೋಮೀಟರ್. ಸ್ಲೀಪರ್ ಬಸ್ಸಿನ ಪಾವಟಿಗಿ ಹತ್ತೂದು ಇವರಿಗೆ ಆಗದ ಮಾತು, ಕಾರಿನ್ಯಾಗ ಹೋದ್ವಿ. ದಾರ್ಯಾಗಿನ ಸಂಡಾಸಗಳ ಕಥಿ ಬರಿಯೂದಿಲ್ಲ, ಊಟಾ ಮಾಡಿ ಓದಾವ್ರೂ ಇರ್ತೀರಿ.

ಕ್ಯಾಬಿನ್ ಹೆಂಗಿತ್ತು ಅಂತ ಹೇಳ್ತೀನಿ. ಬಾಗಲ 33 ಇಂಚು, ಕುರ್ಚಿ ಗ್ವಾಡಿಗೆ ತಿಕ್ಕದ ಒಳಗ ಹೋತು. ಒಳಗ ಕುರ್ಚಿ ಪೂರಾ ಸುತ್ತ ತಿರಗೂವಷ್ಟು ಜಾಗಾ. ಬಟ್ಟಿ ಹಾಕೂ ಕೋಲು ಕುಂತವರ ಕೈಗೆ ಸಿಗೂವಂಗ ತಳಗ. ಬಚ್ಚಲದಾಗ ಗ್ವಾಡಿಗೆ ಮಡಚೂ ಕುರ್ಚಿ, ಅದರ ಮಗ್ಗಲಕ್ಕ ನೀರಿನ ಪೈಪು, ಬಲಗಡೆ ಕಂಬಿ. ಸಂಡಾಸದ ಸೀಟು ಗಾಲಿಕುರ್ಚಿ ಸಮಾ ಎತ್ತರ, ಜರಗಿದ್ರ ಮುಗೀತು. ಮರದಿನ ಮುಂಜಾನೆ ಇವರು ಒಳಗ ಹೋಗಿ ಬಾಗಲ ಹಾಕ್ಕೊಂಡ್ರು. ನಾಕು ವರ್ಷದ ಮ್ಯಾಲ ಮೊದಲನೇ ಸಲ ಬಾಗಲ ಹಾಕ್ಕೊಂಡು ಒಬ್ಬರ ಜಳಕಾ ಮಾಡಿದ್ರು. ಮುಕ್ಕಾಲು ತಾಸು. ನಾನು ಹೊರಗ ಮಂಚದ ಮ್ಯಾಲ ಕುಂತಿದ್ದೆ, ಕೈಗೆ ಏನು ಕೆಲಸ ಕೊಡಬೇಕಂತ ತಿಳೀಲಾರದ. ಒಳಗ ಗುಣುಗುಣು ಹಾಡೂದು ಕೇಳ್ತಿತ್ತು. ಸಮುದ್ರ ನೋಡಾಕ ಕಿಡಕಿ ಇತ್ತು, ನಾನೇನ ನೋಡಲಿಲ್ಲ.

ಇನ್ನ ಹೊಸ್ತಿಲದ ಮಾತು. ಮಗಳ ಕ್ಯಾಬಿನ್ ಬಾಜೂಕ ಇತ್ತು, ಮಾಮೂಲಿ ಕ್ಯಾಬಿನ್. ಅದರ ಬಚ್ಚಲಕ್ಕ ನಾಕೈದ ಇಂಚಿನ ಹೊಸ್ತಿಲ. ಯಾಕ ಅಂತ ಕೇಳಿದ್ದಕ್ಕ ಅಲ್ಲಿ ಕೆಲಸದ ಹುಡುಗ ಹೇಳಿದ, ಹಡಗ ಹೊಯ್ದಾಡೂ ಮುಂದ ಬಚ್ಚಲದ ನೀರು ಖೋಲಿಗೆ ಬರಬಾರದಂತ. ನನಗ ತಟ್ಟನೆ ಖಾನಾಪುರದ ನನ್ನ ತವರಮನಿ ನೆನಪಾತು. ಅಲ್ಲಿ ಮಳಿ ಅಂದ್ರ ಬೆಳಗಾವಿ ಮಳಿ ಅಲ್ಲ, ಘಟ್ಟದ ಮಳಿ. ಮಲಪ್ರಭಾ ಹುಟ್ಟೂದ ಅದ ತಾಲೂಕಿನ ಕಣಕುಂಬಿಯೊಳಗ. ಹಂಚಿನ ಮನಿ, ಎತ್ತರದ ಕಟ್ಟಿ, ಒಂದೊಂದ ಬಾಗಲಕ್ಕೂ ಆರಾರು ಇಂಚಿನ ಕಟಗಿ ಹೊಸ್ತಿಲ. ನೀರು, ಹುಳ-ಹುಪ್ಪಡಿ ಒಳಗ ಬರಬಾರದಂತ ನಮ್ಮ ಹಿರಿಯರು ಮಾಡಿದ್ದು. ಹಡಗಿನವರೂ ನೀರಿನ ಸಲುವಾಗೇ ಮಾಡ್ಯಾರ. ಆದ್ರ ಆ ಕ್ಯಾಬಿನ್ನಿಗೆ ಹೊಸ್ತಿಲ ತಗದು, ಫರಸಿಗೆ ತುಸು ಇಳಿಜಾರು ಕೊಟ್ಟು, ಬಾಗಲದ ಬುಡಕ್ಕ ಅಡ್ಡ ಜಾಳಗಿ ಕೂಡ್ಸಿ ನೀರು ಅಲ್ಲೇ ಹಿಡಕೊಂಡಾರ. ಸಮುದ್ರದ ನಡಬರಕ ಹೊಯ್ದಾಡೂ ಹಡಗಿನ್ಯಾಗ ಆಗೂದು ನೆಲದ ಮ್ಯಾಲ ಅಲ್ಲಾಡದ ನಿಂತ ಮನ್ಯಾಗ ಯಾಕ ಆಗೂದಿಲ್ಲ?

ಹಡಗಿನ್ಯಾಗ ಎಲ್ಲಾ ಛಲೋ ಇತ್ತಂತ ತಿಳೀಬ್ಯಾಡ್ರಿ. ಹತ್ತೂ ಮುಂದ ಹಾಕೂ ಸೇತುವಿ ಭರತಿ-ಇಳಿತ ನೋಡಿಕೊಂಡು ಒಮ್ಮೆ ಇಳಿಜಾರು, ಒಮ್ಮೆ ಗ್ವಾಡಿ ಹತ್ತಿದಂಗ. ನಮ್ಮ ಪಾಳಿ ಬಂದಾಗ ಗ್ವಾಡಿ. ಮತ್ತ ಇಬ್ಬರು ಹಿಂದ, ಇಬ್ಬರು ಮುಂದ. ಊಟದ ಟೇಬಲ್ ಎತ್ತರ, ಕುಂತವರಿಗೆ ಭಾಂಡೆದಾಗ ಏನೈತಿ ಕಾಣೂದಿಲ್ಲ. ಮತ್ತ, ಯಾರೂ ಕೇಳದ ಒಂದು ಪ್ರಶ್ನೆ: ಬೆಂಕಿ-ಗಿಂಕಿ ಆದ್ರ ಲಿಫ್ಟ್ ಬಳಸಬಾರದು, ಆವಾಗ ಇವರನ್ನ ಯಾರು ಇಳಸತಾರ? ನಾನು ಕೇಳಿದೆ. ಅದಕ್ಕಂತ ಪಾವಟಿಗಿ ಮ್ಯಾಲ ಜಾರೂ ಕುರ್ಚಿ ಐತಿ, ಯಾರ ಬರ್ತಾರ ಅಂತ ಹೆಸರ ಸಮೇತ ಬರದೈತಿ ಅಂತ ತೋರಿಸಿದ್ರು. ನೀವೂ ಹೋದ್ರ ಕೇಳ್ರಿ, ನಾಚಬ್ಯಾಡ್ರಿ.

ಊರಿಗೆ ಬಂದು ಇದನ್ನ ಹೇಳಿದ್ರ ನಮ್ಮ ನೆಗೆಣ್ಣಿ ಮಗ ಏನಂದ ಗೊತ್ತೇನ್ರಿ? "ಅದ ರೊಕ್ಕಕ್ಕ ಡಬಲ್ ದೊಡ್ಡ ಖೋಲಿ ಅಂದ್ರ ನಾವೂ ಅದನ್ನ ತಗೀಬೇಕು ಮಾಮೀ." ನಕ್ಕೊಂತ ಅಂದ, ಆದ್ರ ನನಗ ನಗೀ ಬರಲಿಲ್ಲ. ಅಂಥಾ ದೊಡ್ಡ ಹಡಗಿನ್ಯಾಗ ಅಂಥಾ ಕ್ಯಾಬಿನ್ ಕೈಬೆರಳಿನ್ಯಾಗ ಎಣಿಸೂವಷ್ಟು. ಗಟ್ಟಿ ಕಾಲಿನವರು ಅಗಲ ಐತಂತ ಹೊಕ್ಕು ಕುಂತ್ರ ಕಾಲ ಇಲ್ಲದವರು ಮನ್ಯಾಗ ಉಳೀತಾರ. ಬುಕ್ ಮಾಡೂ ಮುಂದ ಕಾರಣ ಕೇಳೂ ಫಾರ್ಮ್ ತುಂಬಿಸ್ಕೋತಾರ, ಅದು ಛಲೋದ. ಇನ್ನೂ ಕಟ್ಟುನಿಟ್ಟ ಮಾಡಲಿ.

ಕಾಯ್ದೆ ಇಲ್ಲಂತಲ್ಲ. ನಮ್ಮ ದೇಶದಾಗ ಅಂಗವಿಕಲರ ಹಕ್ಕಿನ ಕಾಯ್ದೆ 2016ರಾಗ ಆತು, 2017ರ ಏಪ್ರಿಲ್‌ದಾಗ ಜಾರಿಗೆ ಬಂತು. ಜನ ಬಂದು ಹೋಗೂ ಕಟ್ಟಡ, ಅದು ಖಾಸಗಿದಾಗ್ಲಿ ಸರಕಾರದ್ದಾಗ್ಲಿ, ಎಲ್ಲಾರೂ ಹೋಗಿ ಬರೂವಂಗ ಇರಬೇಕಂತ ಅದರಾಗ ಐತಿ. ರಾಜೀವ ರತೂರಿ ಅಂತ ಕಣ್ಣ ಕಾಣದವರೊಬ್ಬರು 2005ರಾಗ ಸುಪ್ರೀಂ ಕೋರ್ಟಿಗೆ ಹಾಕಿದ ಅರ್ಜಿಗೆ 2024ರ ನವೆಂಬರ್ 8ಕ್ಕ ತೀರ್ಪು ಬಂತು. "ಮಾಡಿದ್ರ ಛಲೋ" ಅನ್ನೂ ಥರದ ನಿಯಮ ನಡಿಯೂದಿಲ್ಲ, ಮಾಡಲೇಬೇಕು ಅನ್ನೂ ನಿಯಮ ಮೂರು ತಿಂಗಳದಾಗ ತಯಾರ ಮಾಡ್ರಿ ಅಂತ ಸರಕಾರಕ್ಕ ಹೇಳ್ತು. ಅದ 2005ರಾಗ ಅಮೇರಿಕಾದ ಸುಪ್ರೀಂ ಕೋರ್ಟು, ಬ್ಯಾರೆ ದೇಶದ ಬಾವುಟ ಹಾರಿಸಿಕೊಂಡು ಬಂದ ಕ್ರೂಸ್ ಹಡಗಿಗೂ ಅಲ್ಲಿನ ಅಂಗವಿಕಲರ ಕಾಯ್ದೆ ಹತ್ತತೈತಿ ಅಂತ ತೀರ್ಪು ಕೊಟ್ಟಿತ್ತು. ಇಂಥಾವ್ರು ಕೋರ್ಟಿಗೆ ಹೋದದ್ದಕ್ಕ ನಮಗ ಇಂಚು ಕೇಳೂ ಧೈರ್ಯ ಬಂದೈತಿ.

ನಮ್ಮ ಲಗ್ನದ ಕಾರ್ಯಾಲಯದವರು ಮಾತ್ರ ಇನ್ನೂ ಎಚ್ಚರಾಗಿಲ್ಲ. ಇಳಿಜಾರಿನ ಲೆಕ್ಕ ಭಾಳ ಸರಳ ಐತ್ರಿ: ಒಂದು ಇಂಚು ಎತ್ತರಕ್ಕ ಒಂದು ಫೂಟು ಉದ್ದ. ಒಂದಕ್ಕ ಹನ್ನೆರಡು ಅಂತಾರ. ಮೊನ್ನೆ ಒಂದು ಕಾರ್ಯಾಲಯದಾಗ ಎರಡು ಫೂಟು ಎತ್ತರಕ್ಕ ಐದು ಫೂಟಿನ ಇಳಿಜಾರು ಕಟ್ಯಾರ, ಮ್ಯಾಲ ಗುಳುಗುಳು ಗ್ರಾನೈಟು! 24 ಫೂಟು ಬೇಕಿತ್ತು. ಅದು ಕುರ್ಚಿ ಹತ್ತೂ ದಾರಿ ಅಲ್ಲ, ಹುಡುಗೂರು ಜಾರೂ ಬಂಡಿ. ಇವರು ತಳಗ ಮಂಟಪದಾಗ ಕುಂತು ಅಕ್ಷತಾ ಒಗದ್ರು, ಊಟದ ಹಾಲು ಮ್ಯಾಲ ಇತ್ತು, ತಾಟು ತಳಗ ತಂದು ಕೊಟ್ರು. ಎಲ್ಲಾರೂ ಪಂಕ್ತಿಗೆ ಕುಂತಾಗ ಒಬ್ಬರ ತಳಗ ಉಣ್ಣೂದು.

ಈಗ ನನ್ನ ತವರಮನಿ ಜಗಳ. ನಾಕು ಚೌತಿ ಆತು, ಇವರು ಖಾನಾಪುರಕ್ಕ ಬಂದಿಲ್ಲ. "ನೀ ಹೋಗಿ ಬಾ" ಅಂತಾರ, ಇವರನ್ನ ಬಿಟ್ಟು ನಾನು ಹೆಂಗ ಹೋಗಲಿ? ಅಣ್ಣಗ ಹೇಳಿದೆ: ತಳಗಿನ ಬಚ್ಚಲದ ಹೊಸ್ತಿಲ ತಗಸು, ಬಾಗಲ ಮೂರು ಫೂಟು ಮಾಡಸು, ಜಾಳಗಿ ಕೂಡಸು, ಖರ್ಚು ನಾ ಕೊಡ್ತೀನಿ. ಅಣ್ಣ ಸುಮ್ಮನಿದ್ದ. ವೈನಿ ಅಂದ್ರು, "ಹೊಸ್ತಿಲ ಅಂದ್ರ ಲಕ್ಷ್ಮೀರೀ, ಅದಕ್ಕ ಗರಗಸ ಹಚ್ಚತಾರೇನು?" ವೈನಿ ಮ್ಯಾಲ ನನಗ ಸಿಟ್ಟಿಲ್ಲ, ದಿನಾ ಮುಂಜಾನೆದ್ದು ಅರಿಷಿಣ ಕುಂಕುಮ ಹಚ್ಚಾವ್ರು ಅವರ. ಆದ್ರ ಬಚ್ಚಲದ ಹೊಸ್ತಿಲಕ್ಕ ಯಾರರ ಕುಂಕುಮ ಹಚ್ಚಿದ್ದು ನೋಡೀರೇನು? ತಲಬಾಗಲದ್ದು ಇರಲಿ, ಮುಟ್ಟೂದು ಬ್ಯಾಡ. ಅದರ ಮ್ಯಾಲ ಹಾಯಾಕ ಹಲಗಿ ಇಟ್ರ ಆತು. ಆರು ಇಂಚಿಗೆ ಆರು ಫೂಟು, ಒಳಗ ಒಂದು ಹೊರಗ ಒಂದು, ಕೆಲಸ ಆದ ಮ್ಯಾಲ ತಗದು ಗ್ವಾಡಿಗೆ ಆನಿಸೂದು. ಮನಿ ಮುಂದಿನ ಕಟ್ಟಿಗೆ ಮಾತ್ರ ಗೌಂಡಿ ಬೇಕು, ಒಂದೂವರಿ ಫೂಟು ಎತ್ತರ ಐತಿ, ಹದಿನೆಂಟು ಫೂಟು ಇಳಿಜಾರು ಹಿಡೀತೈತಿ, ಅಂಗಳದಾಗ ತುಳಸಿ ಕಟ್ಟಿ ಸುತ್ತಿ ತಿರಗಿಸಿದ್ರ ಕೂಡ್ರತೈತಿ.

ನಿನ್ನೆ ಸಂಜಿಕೆ ಅಣ್ಣನ ಫೋನ್ ಬಂದಿತ್ತು. ಲಕ್ಷ್ಮೀ ಮಾತು ಎತ್ತಲಿಲ್ಲ, ಹೂಂ ಅಂತನೂ ಅನ್ನಲಿಲ್ಲ. "ಮಾಮಾರ ಕುರ್ಚಿ ಅಗಲ ಎಷ್ಟು ಅಂದಿ?" ಅಂತ ಕೇಳಿದ. 26 ಅಂದೆ, ಬಾಗಲ 36 ಮಾಡಸು, ಕೈ ತಿರಗಾಕ ಜಾಗಾ ಬೇಕು ಅಂದೆ. ಬರಕೊಂಡ.